ದೊಡ್ಡ ಹರಳಿಗೆ ಯಾವ ದಾರಿ? ಮೂತ್ರಪಿಂಡದ ಕಲ್ಲು ಒಡೆಯುವ ವಿಧಾನಗಳ ಸಮೀಕ್ಷೆ

ಕಾಗಿಣಾ ನದಿಯ ಸೀಮೆಯಲ್ಲಿ ಕಲ್ಲಿಗೆ ಕೊರತೆಯಿಲ್ಲ. ಶಹಾಬಾದಿನ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ಇದೇ ಸುಣ್ಣಕಲ್ಲನ್ನು ಅರೆದು, ಸುಟ್ಟು, ಊರೂರಿಗೆ ಕಳಿಸುತ್ತಿವೆ. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲಾಫಲಕವೂ ಸುಣ್ಣಕಲ್ಲಿನದೇ. ಇದೇ ಸೀಮೆಯಲ್ಲಿ ಒಡಲೊಳಗಿನ ಕಲ್ಲಿನಿಂದ ನರಳುವವರೂ ಇದ್ದಾರೆ. ಗುಂಡಗುರ್ತಿಯಲ್ಲಾಗಲಿ ಚಿಂಚೋಳಿಯಲ್ಲಾಗಲಿ, ‘ಕಿಡ್ನ್ಯಾಗ ಹರಳ ಆಗ್ಯಾವ’ ಎಂಬ ಮಾತಿಗೆ ವಿವರಣೆ ಬೇಕಾಗುವುದಿಲ್ಲ.

ಸಣ್ಣ ಹರಳಾದರೆ ನೀರು, ಮಾತ್ರೆ, ಒಂದಿಷ್ಟು ಕಾಯುವಿಕೆಯಲ್ಲಿ ಸಂಕಟ ಮುಗಿಯಬಹುದು. ಕಲ್ಲು ದೊಡ್ಡದಾಗಿದ್ದರೆ ನಿಜವಾದ ಗೊಂದಲ ಶುರುವಾಗುತ್ತದೆ. ಕಲಬುರಗಿಯಲ್ಲಿ ಒಬ್ಬ ವೈದ್ಯರು ಹೊರಗಿನಿಂದಲೇ ಮಷೀನಿನಲ್ಲಿ ಒಡೆಯಬಹುದು ಎನ್ನುತ್ತಾರೆ. ಇನ್ನೊಬ್ಬರು ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಬೇಕು ಎನ್ನುತ್ತಾರೆ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಬಂದ ನೆಂಟರು, ಗಾಯವೇ ಇಲ್ಲದೆ ಲೇಸರಿನಲ್ಲಿ ಆಗುತ್ತದೆ, ಅಲ್ಲಿಗೇ ಹೋಗಿ ಎನ್ನುತ್ತಾರೆ. ಮೂರೂ ಮಾತಿನಲ್ಲಿ ನಿಜವಿದೆ. ಆದರೆ ಮೂರೂ ಒಂದೇ ಕಲ್ಲಿಗೆ ಹೊಂದುವುದಿಲ್ಲ. ಈ ವಿಧಾನಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ, ನಮ್ಮ ಭಾಗದ ರೋಗಿಗೆ ಯಾವ ಲೆಕ್ಕ ಮುಖ್ಯ ಎಂಬುದನ್ನು ಇಲ್ಲಿ ಒಟ್ಟಾಗಿ ನೋಡೋಣ.

ಎಷ್ಟಿದ್ದರೆ ದೊಡ್ಡದು?

ಐದು ಮಿಲಿಮೀಟರಿಗಿಂತ ಚಿಕ್ಕದಾದ ಹರಳು ಬಹುತೇಕ ತಾನಾಗಿಯೇ ಮೂತ್ರದಲ್ಲಿ ಹೊರಬೀಳುತ್ತದೆ. ಹತ್ತು ಮಿಲಿಮೀಟರ್ ದಾಟಿದರೆ ಆ ಆಸೆ ತೀರಾ ಕಡಿಮೆ. ಮೂತ್ರಪಿಂಡದ ಕಲ್ಲಿನ ವಿಷಯದಲ್ಲಿ ಪ್ರಪಂಚದ ಮುಖ್ಯ ವೈದ್ಯಕೀಯ ಮಾರ್ಗಸೂಚಿಗಳೆಲ್ಲ ಗೆರೆ ಎಳೆಯುವುದು 20 ಮಿಲಿಮೀಟರಿಗೆ, ಅಂದರೆ ಎರಡು ಸೆಂಟಿಮೀಟರಿಗೆ. ಅದನ್ನು ಮೀರಿದ್ದು ದೊಡ್ಡ ಕಲ್ಲು. ಮೂತ್ರಪಿಂಡದ ಒಳಗಿನ ಬಟ್ಟಲುಗಳಿಗೆಲ್ಲ ಕವಲೊಡೆದು ಹಬ್ಬಿದ ಕಲ್ಲನ್ನು ‘ಸ್ಟ್ಯಾಗ್‌ಹಾರ್ನ್’ ಎನ್ನುತ್ತಾರೆ. ದೊಡ್ಡ ಕಲ್ಲುಗಳಲ್ಲೇ ಕಷ್ಟದ್ದು ಅದು.

ಅಳತೆಯೊಂದೇ ಸಾಲದು. ಕಲ್ಲು ಮೂತ್ರಪಿಂಡದ ಯಾವ ಭಾಗದಲ್ಲಿದೆ, ಎಷ್ಟು ಗಟ್ಟಿಯಿದೆ, ಹೊರಬರುವ ದಾರಿ ಎಷ್ಟು ಇಕ್ಕಟ್ಟು ಎಂಬುದನ್ನೂ ನೋಡಬೇಕು. ಔಷಧಿ ಹಾಕದೆ ಮಾಡುವ ಸಾದಾ ಸಿ.ಟಿ. ಸ್ಕ್ಯಾನ್ ಇವಿಷ್ಟನ್ನೂ ತಿಳಿಸುತ್ತದೆ. ಅದರ ವರದಿಯಲ್ಲಿ ಕಲ್ಲಿನ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಎಂಬ ಮಾನದಲ್ಲಿ ಬರೆದಿರುತ್ತಾರೆ. ಅದು 1000 ದಾಟಿದರೆ ಕಲ್ಲು ಗಟ್ಟಿ ಎಂದು ಲೆಕ್ಕ. ಸೋನೋಗ್ರಫಿಯೊಂದನ್ನೇ ನಂಬಿ ದೊಡ್ಡ ಕಲ್ಲಿನ ಶಸ್ತ್ರಕ್ರಿಯೆ ನಿರ್ಧರಿಸುವುದು ಸರಿಯಲ್ಲ.

ಸುಣ್ಣದ ನೀರಿನ ಮಾತು

ನಮ್ಮ ನೆಲದಲ್ಲಿ ಸುಣ್ಣಕಲ್ಲಿದೆ, ನೀರಿನಲ್ಲಿ ಸುಣ್ಣವಿದೆ, ಆದ್ದರಿಂದ ಹೊಟ್ಟೆಯಲ್ಲಿ ಕಲ್ಲಾಗುತ್ತದೆ ಎಂಬುದು ಇಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆ. ಭೀಮಾ ಕಣಿವೆಯ ಸುಣ್ಣಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೂತ್ರಪಿಂಡದ ಹೆಚ್ಚಿನ ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಎರಡರಲ್ಲೂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. 1993ರಲ್ಲಿ ಅಮೆರಿಕದ 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿದ ಅಧ್ಯಯನವೊಂದು, ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚು ಇದ್ದವರಲ್ಲೇ ಕಲ್ಲು ಕಡಿಮೆ ಎಂದು ತೋರಿಸಿತು. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಅಷ್ಟು ಆಕ್ಸಲೇಟ್ ಮೂತ್ರಕ್ಕೆ ಬರುವುದು ತಪ್ಪುತ್ತದೆ.

ಈ ಭಾಗದಲ್ಲಿ ಮೊದಲು ದೂರಬೇಕಾದದ್ದು ಬಿಸಿಲನ್ನು. ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಉಷ್ಣತೆ 42 ಡಿಗ್ರಿ ದಾಟುವುದು ಹೊಸದೇನಲ್ಲ. ಕಲ್ಲಿನ ಖಣಿಯಲ್ಲಿ, ಸಿಮೆಂಟಿನ ಭಟ್ಟಿಯ ಬಳಿ, ತೊಗರಿ ಹೊಲದಲ್ಲಿ ದುಡಿಯುವವರ ಮೈಯ ನೀರು ಬೆವರಾಗಿ ಹೋಗುತ್ತದೆ, ಮೂತ್ರ ಮಂದವಾಗುತ್ತದೆ. ಕೂಲಿಗೆ ಹೋದ ಕಡೆ ಶೌಚಾಲಯವಿಲ್ಲದ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮಂದವಾದ ಮೂತ್ರದಲ್ಲಿ ಲವಣಗಳು ಹರಳುಗಟ್ಟುವುದು ಸುಲಭ.

ಕಲ್ಲಿನ ಜಾತಿ ಯಾವುದೆಂಬುದು ಒಡೆಯುವಾಗಲೂ ಮುಖ್ಯ. ಯೂರಿಕ್ ಆಮ್ಲದ ಕಲ್ಲು ಸಾದಾ ಎಕ್ಸ್‌ರೇಯಲ್ಲಿ ಕಾಣದು. ಆದರೆ ಮೂತ್ರದ ಹುಳಿ ಇಳಿಸುವ ಪೊಟ್ಯಾಸಿಯಂ ಸಿಟ್ರೇಟಿನಂಥ ಔಷಧಕ್ಕೆ ಅದು ಕರಗಬಲ್ಲದು. ದೊಡ್ಡದಿದ್ದರೂ ಶಸ್ತ್ರಕ್ರಿಯೆ ತಪ್ಪುವ ಸಾಧ್ಯತೆಯಿದೆ. ಸೋಂಕಿನಿಂದ ಹುಟ್ಟುವ ಸ್ಟ್ರುವೈಟ್ ಕಲ್ಲು ಬೇಗ ಬೆಳೆದು ಕವಲೊಡೆಯುತ್ತದೆ. ಅದರ ಚೂರು ಉಳಿದರೆ ಸೋಂಕೂ ಉಳಿಯುತ್ತದೆ, ಕಲ್ಲೂ ಮತ್ತೆ ಬೆಳೆಯುತ್ತದೆ. ಸಿಸ್ಟೀನ್ ಕಲ್ಲು ಅಪರೂಪ. ಆಘಾತ ತರಂಗಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ. ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲು ದೊಡ್ಡದಾಗಿ ಗಟ್ಟಿಗೊಂಡ ಮೇಲೆ ಯಾವ ಔಷಧಕ್ಕೂ ಕರಗದು. ಹುರುಳಿಯ ಕಟ್ಟು, ಬಾಳೆದಿಂಡಿನ ರಸ ಕುಡಿದರೆ ಮೈಗೆ ನೀರು ಸೇರುತ್ತದೆ, ಸಣ್ಣ ಹರಳಿದ್ದವರಿಗೆ ಅಷ್ಟರಮಟ್ಟಿಗೆ ಒಳಿತು. ಎರಡು ಸೆಂಟಿಮೀಟರಿನ ಕಲ್ಲನ್ನು ಅವು ಕರಗಿಸುತ್ತವೆಂದು ವರ್ಷಗಟ್ಟಲೆ ಕಾದರೆ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದು ಅರ್ಥವಲ್ಲ.

ಹೊಟ್ಟೆ ಕೊಯ್ಯುತ್ತಿದ್ದ ಕಾಲ

ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ಸುಶ್ರುತಸಂಹಿತೆ ವಿವರಿಸುತ್ತದೆ. ಆದರೆ ಮೂತ್ರಪಿಂಡ ಮೈಯ ಆಳದಲ್ಲಿದೆ. ಹೃದಯ ಪ್ರತಿ ಬಾರಿ ಒತ್ತುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಎರಡು ಮೂತ್ರಪಿಂಡಗಳಿಗೇ ಹೋಗುತ್ತದೆ. ಅದನ್ನು ಕೊಯ್ಯುವುದೆಂದರೆ ರಕ್ತಸ್ರಾವದ ಜೊತೆ ಸೆಣಸುವುದೇ. 1960ರ ದಶಕದಲ್ಲಿ ಸ್ಪೇನಿನ ಜಿಲ್ ವೆರ್ನೆ ಮೂತ್ರಪಿಂಡದ ತಿರುಳನ್ನು ಮುಟ್ಟದೆ ಹಿಂಬದಿಯ ಚೀಲವನ್ನು ತೆರೆದು ಕಲ್ಲು ತೆಗೆಯುವ ಕ್ರಮವನ್ನು ರೂಪಿಸಿದರು. 1968ರಲ್ಲಿ ಅಮೆರಿಕದ ಸ್ಮಿತ್ ಮತ್ತು ಬಾಯ್ಸ್ ರಕ್ತನಾಳಗಳು ಕಡಿಮೆಯಿರುವ ಗೆರೆಯಲ್ಲಿ ಮೂತ್ರಪಿಂಡವನ್ನು ಸೀಳಿ ಸ್ಟ್ಯಾಗ್‌ಹಾರ್ನ್ ತೆಗೆಯುವುದನ್ನು ವರದಿ ಮಾಡಿದರು. ಆ ಕಾಲಕ್ಕೆ ಇವು ದೊಡ್ಡ ಹೆಜ್ಜೆಗಳು.

ಅಂಥ ಶಸ್ತ್ರಕ್ರಿಯೆಗೆ ಪಕ್ಕೆಯಲ್ಲಿ ಗೇಣುದ್ದದ ಗಾಯವಾಗುತ್ತಿತ್ತು, ವಾರಗಟ್ಟಲೆ ದುಡಿಮೆ ನಿಲ್ಲುತ್ತಿತ್ತು. ಕಲ್ಲು ಮರಳಿದರೆ ಎರಡನೇ ಸಲ ಕೊಯ್ಯುವುದು ಮೊದಲಿಗಿಂತ ಕಷ್ಟ. ಇಂದು ತೆರೆದ ಶಸ್ತ್ರಕ್ರಿಯೆ ಬೇಕಾಗುವುದು ಬಹಳ ವಿರಳ. ಕಲ್ಲಿನ ಜೊತೆ ಮೂತ್ರನಾಳದ ಬಾಯಿ ಹುಟ್ಟಿನಿಂದಲೇ ಕಿರಿದಾಗಿದ್ದರೆ ಲ್ಯಾಪರೊಸ್ಕೋಪಿಯಲ್ಲೋ ರೋಬೊಟ್ ನೆರವಿನಲ್ಲೋ ಎರಡನ್ನೂ ಒಟ್ಟಿಗೆ ಸರಿಪಡಿಸುತ್ತಾರೆ. ಉಳಿದಂತೆ ಸ್ಪರ್ಧೆಯಿರುವುದು ಮೂರು ದಾರಿಗಳ ನಡುವೆ.

ಮೊದಲನೆಯದು: ಹೊರಗಿನ ಆಘಾತ ತರಂಗ

ಜರ್ಮನಿಯ ಡಾರ್ನಿಯರ್ ವಿಮಾನ ತಯಾರಿಸುತ್ತಿದ್ದ ಕಂಪನಿ. ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಹುಟ್ಟುವ ಆಘಾತ ತರಂಗಗಳನ್ನು ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ಆ ತಿಳಿವಳಿಕೆಯೇ ವೈದ್ಯರ ಕೈಗೆ ಬಂತು. 1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಕ್ರಿಶ್ಚಿಯನ್ ಶೌಸ್ಸಿ ಮತ್ತು ಸಂಗಡಿಗರು ಮೊದಲ ರೋಗಿಯ ಮೂತ್ರಪಿಂಡದ ಕಲ್ಲನ್ನು ಚರ್ಮಕ್ಕೆ ಗೀರೂ ಇಲ್ಲದೆ ಒಡೆದರು. ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸಿ ತರಂಗ ಹಾಯಿಸುತ್ತಿದ್ದ ಯಂತ್ರ ಅದು. ಇಂದಿನ ಯಂತ್ರಗಳಿಗೆ ತೊಟ್ಟಿ ಬೇಕಿಲ್ಲ. ಈ ವಿಧಾನದ ಹೆಸರು ಇಎಸ್‌ಡಬ್ಲ್ಯೂಎಲ್. ಜನರ ಬಾಯಲ್ಲಿ ‘ಲಿಥೋಟ್ರಿಪ್ಸಿ’.

ಗಾಯವಿಲ್ಲ, ಬಹಳ ಸಲ ಪೂರ್ಣ ಅರಿವಳಿಕೆ ಬೇಕಿಲ್ಲ, ಅಂದೇ ಮನೆಗೆ ಹೋಗಬಹುದು. ಒಂದು ಸರದಿಗೆ ಎರಡು-ಮೂರು ಸಾವಿರ ಆಘಾತಗಳು. ನಿಮಿಷಕ್ಕೆ 120ರ ಬದಲು 60ರಿಂದ 90ರ ನಿಧಾನಗತಿಯಲ್ಲಿ ಕೊಟ್ಟರೆ ಕಲ್ಲು ಚೆನ್ನಾಗಿ ಒಡೆಯುತ್ತದೆ. ಹತ್ತು ಮಿಲಿಮೀಟರಿನ ಒಳಗಿನ, ಅಷ್ಟೇನೂ ಗಟ್ಟಿಯಲ್ಲದ ಕಲ್ಲಿಗೆ ಇದು ಒಳ್ಳೆಯ ಮದ್ದು. ಮಕ್ಕಳ ಮೂತ್ರನಾಳದಲ್ಲಿ ಚೂರುಗಳು ಸಲೀಸಾಗಿ ಇಳಿಯುವುದರಿಂದ ಅವರಿಗೂ ಒಗ್ಗುತ್ತದೆ.

ದೊಡ್ಡ ಕಲ್ಲಿನ ಮುಂದೆ ಇದು ಸೋಲುತ್ತದೆ. ತರಂಗ ಕಲ್ಲನ್ನು ಒಡೆಯುತ್ತದೆಯೇ ಹೊರತು ತೆಗೆಯುವುದಿಲ್ಲ. ಚೂರುಗಳನ್ನು ಹೊರಹಾಕುವ ಕೆಲಸ ರೋಗಿಯ ಮೂತ್ರನಾಳದ್ದೇ. ಎರಡು ಸೆಂಟಿಮೀಟರಿನ ಕಲ್ಲು ಒಡೆದಾಗ ಚೂರುಗಳು ನಾಳದಲ್ಲಿ ಸಾಲುಗಟ್ಟಿ ಕಟ್ಟಿಕೊಳ್ಳಬಹುದು. ಆಗ ಜ್ವರ, ನೋವು, ಮತ್ತೊಂದು ಶಸ್ತ್ರಕ್ರಿಯೆ. ಮೂತ್ರಪಿಂಡದ ಕೆಳಗಿನ ಬಟ್ಟಲಿನ ಚೂರುಗಳು ಮೇಲೇರಿ ಹೊರಬರಬೇಕು, ಅದು ಇನ್ನೂ ಕಷ್ಟ. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆಯವರಿಗೆ, ಹತೋಟಿಗೆ ಬಾರದ ಸೋಂಕಿರುವವರಿಗೆ ಇದನ್ನು ಮಾಡುವಂತಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2016ರ ಮಾರ್ಗಸೂಚಿಯಲ್ಲಿ, 20 ಮಿಲಿಮೀಟರ್ ಮೀರಿದ ಕಲ್ಲಿಗೆ ಆಘಾತ ತರಂಗವನ್ನು ಮೊದಲ ಚಿಕಿತ್ಸೆಯಾಗಿ ಕೊಡಬಾರದು ಎಂದೇ ಹೇಳಿತು.

ಎರಡನೆಯದು: ಬೆನ್ನಿನ ದಾರಿ

1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಜೊಹಾನ್ಸನ್, ಬೆನ್ನಿನ ಚರ್ಮದಿಂದ ಮೂತ್ರಪಿಂಡಕ್ಕೆ ಕಲ್ಲು ತೆಗೆಯುವ ಸಲುವಾಗಿಯೇ ಮಾಡಿದ ಸಣ್ಣ ಸುರಂಗದ ಮೂಲಕ ಕಲ್ಲನ್ನು ಹೊರತೆಗೆದರು. ಪಿಸಿಎನ್‌ಎಲ್ ಎಂದು ಇಂದು ಕರೆಯುವ ವಿಧಾನದ ಮೊದಲ ವರದಿ ಅದು. ಎಕ್ಸ್‌ರೇ ಅಥವಾ ಸೋನೋಗ್ರಫಿಯ ಪರದೆ ನೋಡುತ್ತ ಸೂಜಿಯನ್ನು ಮೂತ್ರಪಿಂಡದ ಬಟ್ಟಲಿನ ತುದಿಗೆ ಸರಿಯಾಗಿ ಇಳಿಸಬೇಕು. ಆ ಜಾಗದಲ್ಲಿ ದೊಡ್ಡ ರಕ್ತನಾಳಗಳಿಲ್ಲ. ಸ್ವಲ್ಪ ಆಚೀಚೆ ಆದರೂ ರಕ್ತ ಹರಿಯುತ್ತದೆ. ಸೂಜಿಯ ದಾರಿಯನ್ನು ಹಿಗ್ಗಿಸಿ, ಕೊಳವೆ ಕೂರಿಸಿ, ದರ್ಶಕದಲ್ಲಿ ಕಲ್ಲನ್ನು ಕಣ್ಣಾರೆ ನೋಡಿ ಒಡೆದು, ಚೂರುಗಳನ್ನು ಅಲ್ಲಿಂದಲೇ ಹೊರತೆಗೆಯುತ್ತಾರೆ. ಇದರ ಬಲವಿರುವುದು ಇಲ್ಲಿಯೇ: ಕಲ್ಲು ಒಡೆಯುವುದೂ ಹೊರಹಾಕುವುದೂ ಒಂದೇ ಸರದಿಯಲ್ಲಿ ಮುಗಿಯುತ್ತವೆ.

ಅಪಾಯಗಳನ್ನು ಮುಚ್ಚಿಡಬಾರದು. 2007ರಿಂದ 2009ರವರೆಗೆ 96 ಆಸ್ಪತ್ರೆಗಳ 5,803 ರೋಗಿಗಳನ್ನು ಒಳಗೊಂಡ ಜಾಗತಿಕ ಅಧ್ಯಯನದಲ್ಲಿ, ಪಿಸಿಎನ್‌ಎಲ್ ಆದವರಲ್ಲಿ ಶೇ. 75.7 ಮಂದಿ ಪೂರ್ತಿ ಕಲ್ಲುಮುಕ್ತರಾದರು. ಶೇ. 5.7 ಮಂದಿಗೆ ರಕ್ತ ಕೊಡಬೇಕಾಯಿತು, ಶೇ. 10.5 ಮಂದಿಗೆ ಜ್ವರ ಬಂತು, ಶೇ. 1.8 ಮಂದಿಗೆ ಎದೆಗೂಡಿನಲ್ಲಿ ನೀರು ತುಂಬಿತು. ರಕ್ತನಿಧಿ, ಒಳ್ಳೆಯ ಅರಿವಳಿಕೆ ತಜ್ಞರು, ಸೋಂಕು ನೋಡಿಕೊಳ್ಳುವ ತೀವ್ರ ನಿಗಾ ಘಟಕ ಇಲ್ಲದ ಕಡೆ ಇದಕ್ಕೆ ಕೈಹಾಕಬಾರದು.

ಈ ಅಪಾಯವನ್ನು ತಗ್ಗಿಸಲೆಂದೇ ಸುರಂಗ ಕಿರಿದಾಗುತ್ತ ಬಂತು. ಕೊಳವೆಯ ದಪ್ಪವನ್ನು ‘ಫ್ರೆಂಚ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ಸಾಮಾನ್ಯ ಪಿಸಿಎನ್‌ಎಲ್‌ಗೆ 24ರಿಂದ 30 ಫ್ರೆಂಚ್, ಅಂದರೆ ಎಂಟರಿಂದ ಹತ್ತು ಮಿಲಿಮೀಟರಿನ ದಾರಿ. 1990ರ ದಶಕದ ಕೊನೆಯಲ್ಲಿ ಬಂದ ‘ಮಿನಿ’ ವಿಧಾನದಲ್ಲಿ ಅದು ಐದಾರು ಮಿಲಿಮೀಟರಿಗೆ ಇಳಿಯಿತು. ಮುಂದಿನ ಹೆಜ್ಜೆಗಳಲ್ಲಿ ಭಾರತದ ವೈದ್ಯರ ಪಾಲು ದೊಡ್ಡದು. ಗುಜರಾತಿನ ನಡಿಯಾದ್‌ನಲ್ಲಿರುವ ಮುಲ್ಜಿಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯ ಮಹೇಶ್ ದೇಸಾಯಿ ಮತ್ತು ಸಂಗಡಿಗರು 2011ರಲ್ಲಿ 4.85 ಫ್ರೆಂಚಿನ, ಅಂದರೆ ಎರಡು ಮಿಲಿಮೀಟರಿಗೂ ಕಡಿಮೆ ದಪ್ಪದ ಸೂಜಿಯ ಮೂಲಕವೇ ಕಲ್ಲನ್ನು ನೋಡಿ ಒಡೆಯುವ ‘ಮೈಕ್ರೊಪರ್ಕ್’ ಅನ್ನು ವರದಿ ಮಾಡಿದರು. ಅಹಮದಾಬಾದಿನ ಜನಕ್ ದೇಸಾಯಿ ಮತ್ತು ಸಂಗಡಿಗರು 2013ರಲ್ಲಿ ನಾಲ್ಕು ಮಿಲಿಮೀಟರಿನಷ್ಟು ದಾರಿಯ ‘ಅಲ್ಟ್ರಾ ಮಿನಿ’ಯನ್ನು ಪ್ರಕಟಿಸಿದರು.

ದಾರಿ ಕಿರಿದಾದಷ್ಟೂ ಒಳ್ಳೆಯದೇ? ಹಾಗೇನಿಲ್ಲ. ಕಿರಿದಾದ ಕೊಳವೆಯಲ್ಲಿ ಕಲ್ಲನ್ನು ಹೆಚ್ಚು ಪುಡಿ ಮಾಡಬೇಕು. ಒಳಗೆ ಹಾಯಿಸಿದ ನೀರು ಸರಾಗವಾಗಿ ಹೊರಬರದಿದ್ದರೆ ಮೂತ್ರಪಿಂಡದೊಳಗೆ ಒತ್ತಡ ಏರಿ, ಕ್ರಿಮಿಗಳು ರಕ್ತಕ್ಕೆ ಸೇರುವ ಭಯವಿದೆ. ಮೈಕ್ರೊಪರ್ಕಿನಲ್ಲಿ ಚೂರುಗಳನ್ನು ತೆಗೆಯಲು ಜಾಗವೇ ಇಲ್ಲ. ಅದು ಸಣ್ಣ ಕಲ್ಲಿಗೆ ಮಾತ್ರ. ದೊಡ್ಡ ಕಲ್ಲಿಗೆ ‘ಮಿನಿ’ ಸಾಕೇ ಎಂಬುದಕ್ಕೆ ಉತ್ತರ ಚೀನಾದಿಂದ ಬಂತು. ಅಲ್ಲಿಯ 20 ಆಸ್ಪತ್ರೆಗಳಲ್ಲಿ, ಎರಡರಿಂದ ನಾಲ್ಕು ಸೆಂಟಿಮೀಟರಿನ ಕಲ್ಲಿದ್ದ 1,980 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕಲ್ಲುಮುಕ್ತರಾದವರ ಪ್ರಮಾಣದಲ್ಲಿ ಎರಡಕ್ಕೂ ಹೇಳಿಕೊಳ್ಳುವ ಅಂತರವಿರಲಿಲ್ಲ. ‘ಮಿನಿ’ಗೆ ಸಮಯ ಸರಾಸರಿ ಎರಡು ನಿಮಿಷದಷ್ಟು ಹೆಚ್ಚು; ರಕ್ತನಷ್ಟ ಕಡಿಮೆ, ನೋವು ಕಡಿಮೆ, ಆಸ್ಪತ್ರೆಯ ವಾಸವೂ ಕಡಿಮೆ. ಇಷ್ಟು ದೊಡ್ಡ ಹೋಲಿಕೆ ಈ ಕ್ಷೇತ್ರದಲ್ಲಿ ಅಪರೂಪ.

ಮೂರನೆಯದು: ಮೂತ್ರದ ದಾರಿ

ಮೂರನೆಯ ವಿಧಾನ ಆರ್‌ಐಆರ್‌ಎಸ್. ಮೂರು ಮಿಲಿಮೀಟರಿನಷ್ಟು ದಪ್ಪದ, ತುದಿ ಬಾಗುವ ದರ್ಶಕವನ್ನು ಮೂತ್ರದ್ವಾರದಿಂದ ಮೂತ್ರಕೋಶಕ್ಕೆ, ಅಲ್ಲಿಂದ ಮೂತ್ರನಾಳ ಹತ್ತಿಸಿ ಮೂತ್ರಪಿಂಡಕ್ಕೆ ಒಯ್ಯುತ್ತಾರೆ. ಕೂದಲಿನಷ್ಟು ಸಣ್ಣ ಲೇಸರ್ ಎಳೆಯಿಂದ ಕಲ್ಲನ್ನು ಪುಡಿ ಮಾಡುತ್ತಾರೆ. ಮೈಮೇಲೆ ಗಾಯವಿಲ್ಲ, ರಕ್ತಸ್ರಾವ ಬಹಳ ಕಡಿಮೆ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದವರಿಗೆ, ತುಂಬಾ ಸ್ಥೂಲಕಾಯದವರಿಗೆ, ಬೆನ್ನುಮೂಳೆ ಬಾಗಿದವರಿಗೆ ಇದೊಂದು ವರ. ಎರಡು ಸೆಂಟಿಮೀಟರಿನ ಒಳಗಿನ ಕಲ್ಲಿಗೆ ಇದರ ಫಲಿತಾಂಶ ಬಹಳ ಒಳ್ಳೆಯದು.

ಎರಡು ಸೆಂಟಿಮೀಟರ್ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. 2012ರ ಒಂದು ಸಮೀಕ್ಷೆ 445 ರೋಗಿಗಳ ಫಲಿತಾಂಶಗಳನ್ನು ಕೂಡಿಸಿ ನೋಡಿತು. ಅವರ ಕಲ್ಲಿನ ಸರಾಸರಿ ಅಳತೆ 2.5 ಸೆಂಟಿಮೀಟರ್. ಶೇ. 93.7ರಷ್ಟು ಮಂದಿ ಕಲ್ಲುಮುಕ್ತರಾದರು. ಆದರೆ ಅದಕ್ಕೆ ತಲಾ ಸರಾಸರಿ 1.6 ಶಸ್ತ್ರಕ್ರಿಯೆ ಬೇಕಾಯಿತು. ಹಲವರು ಎರಡನೇ ಸಲ ಮೇಜಿನ ಮೇಲೆ ಮಲಗಲೇಬೇಕಾಯಿತೆಂದು ಇದರ ಅರ್ಥ. ಒಂದೂವರೆ ಗಂಟೆ ಮೀರಿ ಎಳೆದರೆ ಸೋಂಕು ರಕ್ತಕ್ಕೆ ಏರುವ ಅಪಾಯ ಹೆಚ್ಚುತ್ತದೆ. ಗಾಯ ಕಾಣದೆಂಬ ಕಾರಣಕ್ಕೆ ಇದನ್ನು ಹಗುರವೆಂದು ಭಾವಿಸುವುದು ಅಪಾಯಕಾರಿ. ಸೋಂಕಿರುವ ಮೂತ್ರವನ್ನು ಒತ್ತಡದ ನೀರಿನಿಂದ ಕದಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ದರ್ಶಕ ನಾಜೂಕು, ದುಬಾರಿ. ಅದರ ಬೆಲೆ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಇತ್ತೀಚೆಗೆ ಬಂದಿರುವ, ಬಾಗುತ್ತಲೇ ಪುಡಿಯನ್ನು ಹೀರಿಕೊಳ್ಳುವ ಕೊಳವೆಗಳು ಒತ್ತಡ ತಗ್ಗಿಸಿ, ದೊಡ್ಡ ಕಲ್ಲಿಗೂ ಈ ದಾರಿಯನ್ನು ಹತ್ತಿರ ಮಾಡುತ್ತಿವೆ.

ಸ್ಟ್ಯಾಗ್‌ಹಾರ್ನಿನಂಥ ಕಲ್ಲಿಗೆ ಬೆನ್ನಿನಿಂದಲೂ ಮೂತ್ರದ ದಾರಿಯಿಂದಲೂ ಏಕಕಾಲಕ್ಕೆ ಹೋಗುವ ಜೋಡಿ ವಿಧಾನವೂ ಇದೆ. ರೋಗಿಯನ್ನು ಬೋರಲು ಮಲಗಿಸದೆ ಅಂಗಾತ ಮಲಗಿಸಿ ಪಿಸಿಎನ್‌ಎಲ್ ಮಾಡುವ ಕ್ರಮವನ್ನು ಸ್ಪೇನಿನ ವಾಲ್ದಿವಿಯಾ 1980ರ ದಶಕದಲ್ಲೇ ತೋರಿಸಿದ್ದರು; ಜೋಡಿ ವಿಧಾನಕ್ಕೆ ಅದೇ ಬುನಾದಿ.

ಒಡೆಯುವ ಸಾಧನ ಬೇರೆ, ಹೋಗುವ ದಾರಿ ಬೇರೆ

‘ಲೇಸರ್ ಚಿಕಿತ್ಸೆ’ ಎಂಬ ಜಾಹೀರಾತು ನೋಡಿ ಅದೊಂದು ಪ್ರತ್ಯೇಕ ವಿಧಾನವೆಂದು ಬಹಳ ಜನ ತಿಳಿಯುತ್ತಾರೆ. ಲೇಸರನ್ನು ಬೆನ್ನಿನ ದಾರಿಯಲ್ಲೂ ಬಳಸುತ್ತಾರೆ, ಮೂತ್ರದ ದಾರಿಯಲ್ಲೂ ಬಳಸುತ್ತಾರೆ. ಯಾವ ದಾರಿ ಎಂಬುದನ್ನು ಕೇಳಿ ತಿಳಿಯದೆ ಒಪ್ಪಿಗೆಗೆ ಸಹಿ ಹಾಕಬಾರದು.

ಸಾಧನಗಳಲ್ಲಿ ಅಗ್ಗದ್ದು ನ್ಯುಮ್ಯಾಟಿಕ್. 1990ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದದ್ದು. ಶಹಾಬಾದಿನ ಖಣಿಯಲ್ಲಿ ಕಂಪ್ರೆಸರ್ ಗಾಳಿಯಿಂದ ಕಲ್ಲು ಕೊರೆಯುವುದನ್ನು ಕಂಡವರಿಗೆ ಇದು ಹೊಸದಲ್ಲ: ಒತ್ತಿದ ಗಾಳಿ ಒಂದು ಲೋಹದ ಗುಂಡನ್ನು ಚಿಮ್ಮಿಸುತ್ತದೆ, ಗುಂಡು ಸಲಾಕೆಯನ್ನು ಬಡಿಯುತ್ತದೆ, ಸಲಾಕೆಯ ತುದಿ ಕಲ್ಲನ್ನು ಸೀಳುತ್ತದೆ. ಬಿಸಿಯಾಗದು, ಎಂಥ ಗಟ್ಟಿ ಕಲ್ಲಿಗೂ ನಡೆಯುತ್ತದೆ. ಸಲಾಕೆ ಬಾಗದ ಕಾರಣ ನೆಟ್ಟಗಿನ ದಾರಿಯಲ್ಲಿ ಮಾತ್ರ ಕೆಲಸ, ಚೂರುಗಳು ಚದುರುವುದೂ ಉಂಟು. ಅಲ್ಟ್ರಾಸೌಂಡ್ ಸಲಾಕೆ ಕಂಪನದಿಂದ ಒಡೆಯುತ್ತಲೇ ಚೂರುಗಳನ್ನು ಹೀರಿಕೊಳ್ಳುತ್ತದೆ. ಮೆತ್ತನೆಯ, ಸೋಂಕಿನ ಕಲ್ಲಿಗೆ ಅದು ಬಹಳ ಸೂಕ್ತ. ಎರಡನ್ನೂ ಒಂದೇ ಸಲಾಕೆಯಲ್ಲಿ ಕೂಡಿಸಿದ ಯಂತ್ರಗಳೂ ಇವೆ.

1990ರ ದಶಕದಲ್ಲಿ ಬಂದ ಹೋಲ್ಮಿಯಂ ಲೇಸರ್ ಯಾವ ಜಾತಿಯ ಕಲ್ಲನ್ನೂ ಬಿಡುವುದಿಲ್ಲ. ಬಾಗುವ ದರ್ಶಕದೊಳಗೂ ಹಾಯುತ್ತದೆ. ಈಚಿನ ಥುಲಿಯಂ ಫೈಬರ್ ಲೇಸರಿನ ಕಿರಣವನ್ನು ನೀರು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ, ಎಳೆ ಇನ್ನೂ ಸಪೂರ, ಪುಡಿ ಇನ್ನೂ ನಯ. ಎರಡರಲ್ಲೂ ಒಳಗಿನ ನೀರು ಕಾಯದಂತೆ ನೋಡಿಕೊಳ್ಳಬೇಕು. ದೊಡ್ಡ ಕಲ್ಲಿಗೆ ಅಗಲ ದಾರಿಯಿದ್ದಾಗ ನ್ಯುಮ್ಯಾಟಿಕ್, ಅಲ್ಟ್ರಾಸೌಂಡ್ ಬೇಗ ಕೆಲಸ ಮುಗಿಸುತ್ತವೆ. ದಾರಿ ಕಿರಿದಾದಷ್ಟೂ ಲೇಸರಿನ ಬೆಲೆ ಹೆಚ್ಚುತ್ತದೆ. ಹೊಸ ಯಂತ್ರವಿದೆ ಎಂಬುದು ಒಳ್ಳೆಯ ಫಲಿತಾಂಶಕ್ಕೆ ಖಾತರಿಯಲ್ಲ. ಸೂಜಿ ಇಳಿಸುವ ಕೈಯ ಅನುಭವ ಅದಕ್ಕಿಂತ ದೊಡ್ಡದು.

ನಮ್ಮ ಭಾಗದ ಲೆಕ್ಕ

ವಿದೇಶದ ಅಧ್ಯಯನಗಳು ಕಲ್ಲುಮುಕ್ತಿ, ರಕ್ತನಷ್ಟ, ಆಸ್ಪತ್ರೆಯ ದಿನಗಳನ್ನು ಅಳೆಯುತ್ತವೆ. ಗುಂಡಗುರ್ತಿಯ ಕೂಲಿಕಾರನ ಲೆಕ್ಕದಲ್ಲಿ ಇನ್ನೂ ಒಂದಿದೆ: ಎಷ್ಟು ಸಲ ಬರಬೇಕು? ಪ್ರತಿ ಸಲವೂ ಬಸ್ಸು ಅಥವಾ ರೈಲು, ಜೊತೆಗೊಬ್ಬರು, ಇಬ್ಬರ ಕೂಲಿ ನಷ್ಟ. ಮೂರು ಸರದಿಯ ಲಿಥೋಟ್ರಿಪ್ಸಿ, ನಡುವೆ ಎಕ್ಸ್‌ರೇ, ಕಟ್ಟಿಕೊಂಡ ಚೂರಿಗೆ ಮತ್ತೊಂದು ಚಿಕಿತ್ಸೆ ಎಂದು ಎಳೆದರೆ, ಗಾಯವಿಲ್ಲದ ವಿಧಾನವೇ ಎಲ್ಲಕ್ಕಿಂತ ದುಬಾರಿಯಾಗುತ್ತದೆ. ಅರ್ಧಕ್ಕೆ ಬಿಟ್ಟವರ ಮೂತ್ರಪಿಂಡದಲ್ಲಿ ಉಳಿದ ಚೂರು ಮತ್ತೆ ಬೆಳೆಯುತ್ತದೆ. ಆದ್ದರಿಂದ ದೂರದ ಊರಿನ, ದಿನಗೂಲಿಯ ರೋಗಿಗೆ ಒಂದೇ ಸರದಿಯಲ್ಲಿ ಕಲ್ಲನ್ನು ಪೂರ್ತಿ ತೆಗೆಯುವ ವಿಧಾನಕ್ಕೆ ಹೆಚ್ಚಿನ ತೂಕ ಕೊಡಬೇಕು. ಎರಡು ಸೆಂಟಿಮೀಟರ್ ಮೀರಿದ ಕಲ್ಲಿನಲ್ಲಿ ಅದು ಪಿಸಿಎನ್‌ಎಲ್. ಅನುಭವಿ ಕೈ ಮತ್ತು ಸಲಕರಣೆ ಇದ್ದಲ್ಲಿ ಅದರ ಮಿನಿ ರೂಪ.

ಈ ಲೆಕ್ಕಕ್ಕೂ ಅಪವಾದಗಳಿವೆ. ರಕ್ತಸ್ರಾವದ ಅಪಾಯ ಹೆಚ್ಚಿದ್ದವರಿಗೆ, ಎರಡು ಸರದಿಯಾದರೂ ಸರಿ, ಮೂತ್ರದ ದಾರಿಯೇ ಲೇಸು. ಯೂರಿಕ್ ಆಮ್ಲದ ಕಲ್ಲಿಗೆ ಮೊದಲು ಔಷಧ. ಮೂತ್ರಪಿಂಡದ ಕೆಲಸ ಬಹುತೇಕ ನಿಂತೇ ಹೋಗಿದ್ದರೆ ಕಲ್ಲು ಒಡೆಯುವ ಮೊದಲು ಕಿಡ್ನಿಯ ಶಕ್ತಿ ಅಳೆಯುವ ಸ್ಕ್ಯಾನ್ ಬೇಕು. ಕಲ್ಲು ಅಡ್ಡಬಂದು ಮೂತ್ರ ಕಟ್ಟಿ, ಜೊತೆಗೆ ಚಳಿಜ್ವರವಿದ್ದರೆ ಅಂದು ಕಲ್ಲನ್ನು ಒಡೆಯುವ ಮಾತೇ ಇಲ್ಲ. ಮೂತ್ರನಾಳದೊಳಗೆ ಸ್ಟೆಂಟ್ ಎಂಬ ನಳಿಕೆ ಹಾಕಿಯೋ ಬೆನ್ನಿನಿಂದ ನಳಿಕೆ ಇಳಿಸಿಯೋ ಮೊದಲು ಮೂತ್ರಕ್ಕೆ ದಾರಿ ಮಾಡಬೇಕು. ಅಂಥ ರೋಗಿಯನ್ನು ರಾತ್ರಿಯಾದರೂ ಸರಿ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಹಣದ ದಾರಿಗಳನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತುರ್ತಲ್ಲದ ಶಸ್ತ್ರಕ್ರಿಯೆಗೆ ಸರ್ಕಾರಿ ಆಸ್ಪತ್ರೆಯ ಮೂಲಕ ಹೋಗುವುದು ಅದರ ಕ್ರಮ. ಕಾರ್ಖಾನೆಯ ಕಾರ್ಮಿಕರಲ್ಲಿ ಇಎಸ್‌ಐ ಇದ್ದವರಿಗೆ ಕಲಬುರಗಿಯ ಸೇಡಂ ರಸ್ತೆಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ನಗರದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡ ರೋಗಗಳಿಗೆಂದೇ ಸರ್ಕಾರದ ನೆಫ್ರೊ-ಯುರಾಲಜಿ ಸಂಸ್ಥೆಯಿದೆ.

ಒಡೆದ ಮೇಲೆ

ಬಹಳ ಜನರಿಗೆ ಶಸ್ತ್ರಕ್ರಿಯೆಯ ಕೊನೆಯಲ್ಲಿ ಮೂತ್ರನಾಳದೊಳಗೆ ಡಿಜೆ ಸ್ಟೆಂಟ್ ಎಂಬ ಮೆದು ನಳಿಕೆ ಇಡುತ್ತಾರೆ. ಅದು ಕೆಲವು ವಾರಗಳ ಅತಿಥಿ ಮಾತ್ರ. ನೋವು ಹೋಯಿತೆಂದು ಅದನ್ನು ಮರೆತವರ ಸ್ಟೆಂಟಿನ ಸುತ್ತಲೇ ಹೊಸ ಕಲ್ಲು ಕಟ್ಟಿ, ಮೊದಲ ಕಲ್ಲಿಗಿಂತ ದೊಡ್ಡ ಶಸ್ತ್ರಕ್ರಿಯೆ ಬೇಕಾಗುತ್ತದೆ. ಸ್ಟೆಂಟ್ ತೆಗೆಸುವ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಪಿಸಿಎನ್‌ಎಲ್ ಆದ ಒಂದೆರಡು ವಾರದಲ್ಲಿ ಮೂತ್ರದಲ್ಲಿ ಕೆಂಪು ರಕ್ತ ಗಟ್ಟಿಯಾಗಿ ಬರತೊಡಗಿದರೆ ಮನೆಯಲ್ಲಿ ಕಾಯಬೇಡಿ. ಒಳಗಿನ ರಕ್ತನಾಳ ಬಿರಿದಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ. ತೆಗೆದ ಕಲ್ಲಿನ ಚೂರನ್ನು ಪರೀಕ್ಷೆಗೆ ಕಳಿಸಲು ಕೇಳಿ. ಅದರ ಜಾತಿ ತಿಳಿದರೆ ಮುಂದಿನ ಔಷಧ, ಪಥ್ಯ ಎರಡೂ ಸರಿಯಾಗುತ್ತವೆ.

ಕಲ್ಲು ಮರಳಿ ಬರುವ ರೋಗ. ಇಟಲಿಯಲ್ಲಿ ಮೊದಲ ಸಲ ಕಲ್ಲಾದ 199 ಮಂದಿಯನ್ನು ಐದು ವರ್ಷ ಗಮನಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಕಲ್ಲು ಮರಳಿತು, ಉಳಿದವರಲ್ಲಿ ಶೇ. 27 ಮಂದಿಗೆ. 2002ರಲ್ಲಿ ಅದೇ ತಂಡ, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿ ಹಾಲು-ಮೊಸರನ್ನು ಬಿಡದವರಿಗೆ, ಹಾಲು-ಮೊಸರು ಬಿಟ್ಟವರಿಗಿಂತ ಕಲ್ಲು ಕಡಿಮೆ ಎಂದು ತೋರಿಸಿತು. ಕಲ್ಲಾಗಿದೆ ಎಂದು ಮೊಸರು, ಮಜ್ಜಿಗೆ ಬಿಡಿಸುವುದು ತಪ್ಪು ಸಲಹೆ. ಪಾಲಕ್‌ನಂಥ ಸೊಪ್ಪು ತಿಂದಾಗ ಜೊತೆಗೆ ಮೊಸರಿರಲಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ; ನಿಂಬೆಹಣ್ಣಿನ ನೀರು ಕುಡಿಯಿರಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು. ನಮ್ಮ ಬಿಸಿಲಿನಲ್ಲಿ ಬೆವರಿನದೂ ಸೇರಿದರೆ ಕುಡಿಯಬೇಕಾದ ನೀರು ಅದಕ್ಕಿಂತ ಬಹಳ ಹೆಚ್ಚು. ಎಷ್ಟು ಕುಡಿದೆವು ಎನ್ನುವುದಕ್ಕಿಂತ ಮೂತ್ರ ತಿಳಿಯಾಗಿದೆಯೇ ಎಂದು ನೋಡುವುದು ಒಳ್ಳೆಯ ಅಳತೆ. ಹೃದಯ ಅಥವಾ ಕಿಡ್ನಿ ಸೋತವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಇಷ್ಟನ್ನೂ ತೂಗಿ ನೋಡಿದರೆ ತೀರ್ಮಾನ ಸ್ಪಷ್ಟ. ಹತ್ತು ಮಿಲಿಮೀಟರಿನ ಒಳಗೆ ಆಘಾತ ತರಂಗ ಅಥವಾ ಮೂತ್ರದ ದಾರಿ. ಹತ್ತರಿಂದ ಇಪ್ಪತ್ತರ ನಡುವೆ ಕಲ್ಲಿನ ಜಾಗ, ಗಟ್ಟಿತನ ನೋಡಿ ಮೂರರಲ್ಲಿ ಒಂದು. ಇಪ್ಪತ್ತು ದಾಟಿದರೆ ಬೆನ್ನಿನ ಸಣ್ಣ ದಾರಿಯೇ ಮೊದಲ ಆಯ್ಕೆ, ಕಾರಣವಿದ್ದವರಿಗೆ ಉಳಿದವು. ಆಸ್ಪತ್ರೆಯಲ್ಲಿರುವ ಯಂತ್ರಕ್ಕೆ ತಕ್ಕಂತೆ ವಿಧಾನ ಆರಿಸಬಾರದು. ರೋಗಿಯ ಕಲ್ಲಿಗೆ ತಕ್ಕಂತೆ ಆರಿಸಬೇಕು. ವೈದ್ಯರೆದುರು ಕುಳಿತಾಗ ನಾಲ್ಕು ಪ್ರಶ್ನೆ ಕೇಳಿ: ಕಲ್ಲು ಎಷ್ಟು ದೊಡ್ಡದು, ಎಲ್ಲಿದೆ? ಸೋಂಕು ತಿಳಿಯಲು ಮೂತ್ರದ ಕಲ್ಚರ್ ಪರೀಕ್ಷೆಯಾಗಿದೆಯೇ? ಎಷ್ಟು ಸಲ ಬರಬೇಕಾದೀತು? ಸ್ಟೆಂಟ್ ಯಾವ ದಿನ ತೆಗೆಯುತ್ತೀರಿ? ಇವನ್ನು ಕೇಳುವುದು ರೋಗಿಯ ಹಕ್ಕು. ಉತ್ತರ ಪೂರ್ತಿ ತಿಳಿಯುವವರೆಗೆ ಸಹಿ ಹಾಕಬೇಡಿ.